ಕೆಟ್ಟದಾಗಿ ಪಾಠ ಮಾಡುವುದು ಹೇಗೆ?

"ಸರ, ಕೆಟ್ಟದಾಗಿ ಪಾಠ ಮಾಡೋದು ಹೆಂಗಂತ ಸ್ವಲ್ಪ ಹೇಳಿಕೊಡ್ರಿ."

ಒಂದು ಭಾನುವಾರ ಬೆಳಿಗ್ಗೆ ನಮ್ಮ ಮನೆ ಕಟ್ಟೆಯ ಮೇಲೆ ಕೂತು ಶರಣಮ್ಮ ಟೀಚರು ಹೀಗೆ ಕೇಳಿದಾಗ ನಾನು ಮಂಡಕ್ಕಿ ಒಗ್ಗರಣೆ ತಿನ್ನುತ್ತಿದ್ದೆ. ಬಾಯಿಗೆ ಹೊರಟಿದ್ದ ಮಿರ್ಚಿ ಕೈಯಲ್ಲೇ ನಿಂತಿತು.

ನಿಮಗೆ ಗೊತ್ತೇ ಇದೆ, ನಾನು ಹೊಸಪೇಟೆಯ ಒಂದು ಡಿ.ಎಡ್ ಕಾಲೇಜಿನಲ್ಲಿ ಮೇಷ್ಟರಾಗುವವರಿಗೆ ಮೇಷ್ಟರು. ಚೆನ್ನಾಗಿ ಪಾಠ ಮಾಡುವುದು ಹೇಗೆ ಎಂದು ಹೇಳುವುದಕ್ಕೇ ನನಗೆ ಸಂಬಳ. ನನ್ನ ಇಡೀ ಸರ್ವಿಸಿನಲ್ಲಿ ಇಂಥ ಪ್ರಶ್ನೆಯನ್ನು ಯಾರೂ ಕೇಳಿರಲಿಲ್ಲ. (ಕೇಳುವ ಪ್ರಸಂಗವೂ ಬಂದಿರಲಿಲ್ಲ. ಆ ವಿದ್ಯೆ ನಮ್ಮಲ್ಲಿ ಅನೇಕರಿಗೆ ಹೇಳಿಕೊಡದೆಯೇ ಬರುತ್ತದೆ.)

ತಮಾಷೆಗೆ ಕೇಳಿದರೇ? ಮುಖ ನೋಡಿದರೆ ಹಾಗನ್ನಿಸಲಿಲ್ಲ.

"ಗುರುವಾರ ಟೀಮ್ ಬರ್ತೈತ್ರಿ ಸರ. ಅವರ ಮುಂದ ನನ್ನ ಪಾಠ ಕೆಡಬೇಕು. ಇಲ್ಲಂದ್ರ ನನ್ನ ಮಕ್ಕಳು ಆ ಧೂಳಿನಾಗ ಉಳಿತಾವ" ಎಂದರು.

ವಿಷಯ ಏನೆಂದು ಮೊದಲಿನಿಂದ ಹೇಳಿಬಿಡುತ್ತೇನೆ.

ಶರಣಮ್ಮನವರದು ಸಂಡೂರು ರಸ್ತೆಯ ಒಂದು ಹಳ್ಳಿಯ ಪ್ರಾಥಮಿಕ ಶಾಲೆ. ಹೆಸರು ಬೇಡ. ಸಂಡೂರು ರಸ್ತೆ ನಿಮಗೆ ಗೊತ್ತು. (ಗೊತ್ತಿಲ್ಲದವರು ಒಮ್ಮೆ ಬಿಳಿ ಅಂಗಿ ತೊಟ್ಟು ಹೋಗಿ ಬನ್ನಿ. ಉಳಿದದ್ದನ್ನು ಅಂಗಿಯೇ ಹೇಳುತ್ತದೆ.) ಶಾಲೆ ರಸ್ತೆಗೆ ಎಷ್ಟು ಹತ್ತಿರವೆಂದರೆ, ಅದಿರು ತುಂಬಿದ ಲಾರಿ ಹೋದಾಗ ಕ್ಲಾಸಿನ ಬೋರ್ಡು ಗೋಡೆಗೆ ಬಡಿದು ಸದ್ದು ಮಾಡುತ್ತದೆ. ಲಾರಿಗಳೋ, ಒಂದರ ಹಿಂದೆ ಒಂದು. ಕೆಲವಕ್ಕೆ ಮೇಲೆ ಟಾರ್ಪಾಲು ಇರುತ್ತದೆ, ಕೆಲವಕ್ಕೆ ಟಾರ್ಪಾಲು ಕಟ್ಟುವ ಹಗ್ಗ ಮಾತ್ರ ಇರುತ್ತದೆ. ಚೀನಾದಲ್ಲಿ ಯಾರೋ ಕಟ್ಟಡ ಕಟ್ಟುತ್ತಾರೆ, ನಮ್ಮ ಕಡೆ ಮಕ್ಕಳು ಕೆಮ್ಮುತ್ತಾರೆ.

ಶಾಲೆಯ ಅಂಗಳದ ಬೇವಿನ ಮರ ಕೆಂಪಾಗಿದೆ. ಕುಡಿಯುವ ನೀರಿನ ಕೊಡದ ಮೇಲೆ ಬಟ್ಟೆ ಕಟ್ಟಿದ್ದರೂ ಕೊಡದ ತಳದಲ್ಲಿ ಕೆಂಪು ಗಸಿ. ಯೂನಿಫಾರ್ಮಿನ ಬಿಳಿ ಅಂಗಿ ಶ್ರಾವಣ ಕಳೆಯುವುದರೊಳಗೆ ಇಟ್ಟಿಗೆಯ ಬಣ್ಣಕ್ಕೆ ತಿರುಗುತ್ತದೆ. ಕೈ ಕೆಸರಾದರೆ ಬಾಯಿ ಮೊಸರು ಅನ್ನುತ್ತಾರೆ. ಈ ಮಕ್ಕಳು ಕೈ ಕೆಸರು ಮಾಡಿಕೊಂಡವರಲ್ಲ, ಆದರೂ ಬಾಯಿಗೆ ಬಂದದ್ದು ಕೆಸರೇ.

ಹೋದ ವರ್ಷ ನಮ್ಮ ಕಾಲೇಜಿನ ಮಂಜುನಾಥ ಎಂಬ ಹುಡುಗ ಪಾಠ ಮಾಡಿ ಕಲಿಯಲೆಂದು ಅದೇ ಶಾಲೆಗೆ ಹೋಗಿದ್ದ. ಅವನ ಪಾಠ ನೋಡಿ ಮಾರ್ಕು ಹಾಕಲು ನಾನು ಹೋಗಿದ್ದೆ. ಭಿನ್ನರಾಶಿ ಪಾಠ. ಹುಡುಗ ಬಣ್ಣ ಬಣ್ಣದ ಚಾರ್ಟು ತಂದಿದ್ದ. ಚಾರ್ಟಿನಲ್ಲಿ ಒಂದು ಕೇಕು, ಕೇಕಿನ ಮೇಲೆ ಚೆರ್ರಿ ಹಣ್ಣು. ಬಾಯಿ ತೆರೆದು "ಮಕ್ಕಳೇ" ಅಂದನೋ ಇಲ್ಲವೋ, ಲಾರಿ ಬಂತು. ಅವನು ದನಿ ಏರಿಸಿದ. ಲಾರಿ ಗೇರು ಬದಲಿಸಿತು. ಅವನು ಇನ್ನೂ ಏರಿಸಿದ. ಕಾಲು ಗಂಟೆಯಲ್ಲಿ ಹುಡುಗನ ಗಂಟಲು ಕಟ್ಟಿ, ಕೇಕು ತುಂಡಾಗದೇ ಉಳಿಯಿತು. ಮಕ್ಕಳು ಅವನ ಕಡೆ ಕರುಣೆಯಿಂದ ನೋಡುತ್ತಿದ್ದರು.

"ಕುಂದ್ರಪಾ, ನೀರು ಕುಡಿ. ಒಂದೀಟು ನಾ ತಗೋತೀನಿ" ಎಂದು ಶರಣಮ್ಮ ಎದ್ದರು. ಚಾರ್ಟು ಮುಟ್ಟಲಿಲ್ಲ. ಚಾಕ್‌ಪೀಸಿನಿಂದ ಬೋರ್ಡಿನ ಮೇಲೆ ಒಂದು ಗುಂಡನೆಯ ರೊಟ್ಟಿ ಬರೆದರು.

"ಒಂದು ರೊಟ್ಟಿ ಐತಿ. ಮೂರು ಮಂದಿಗೆ ಸಮ ಹಂಚಿದ್ರ ಬರೋ ಚೂರು ದೊಡ್ಡದೋ, ನಾಕು ಮಂದಿಗೆ ಹಂಚಿದ್ರ ಬರೋ ಚೂರು ದೊಡ್ಡದೋ?"

ಮುಂದಿನ ಸಾಲಿನಲ್ಲಿ ಬಸವರಾಜ ಎಂಬ ಚುರುಕು ಹುಡುಗ ಆಗಲೇ ಬಾಯಿ ತೆರೆದಿದ್ದ. ನಾಲ್ಕು ಎನ್ನುವುದು ಅವನ ತುಟಿಯ ಮೇಲೇ ಇತ್ತು. (ಮೂರಕ್ಕಿಂತ ನಾಲ್ಕು ದೊಡ್ಡದಲ್ಲವೇ?) ಅಷ್ಟರಲ್ಲಿ ಲಾರಿ ಬಂತು. ಟೀಚರು ಅಂಗೈ ಮೇಲೆತ್ತಿದರು. ಇಡೀ ಕ್ಲಾಸು ಕರ್ಚೀಫು, ಸೆರಗು, ಅಂಗಿಯ ತುದಿ, ಸಿಕ್ಕಿದ್ದರಿಂದ ಬಾಯಿ ಮುಚ್ಚಿಕೊಂಡಿತು. ಬಸವರಾಜನ ನಾಲ್ಕು ಅವನ ಬಾಯಿಯಲ್ಲೇ ಉಳಿಯಿತು.

ಒಂದು ಲಾರಿ, ಅದರ ಹಿಂದೆ ಇನ್ನೊಂದು. ಯಾರೂ ಮಾತಾಡಲಿಲ್ಲ. ಮಕ್ಕಳ ಕಣ್ಣು ಬೋರ್ಡಿನ ಮೇಲಿನ ರೊಟ್ಟಿಯ ಮೇಲೆ. ಒಬ್ಬಳು ನೆಲದ ಧೂಳಿನಲ್ಲಿ ಬೆರಳಿನಿಂದ ರೊಟ್ಟಿ ಬರೆದು ಕತ್ತರಿಸುತ್ತಿದ್ದಳು.

ಲಾರಿ ದಾಟಿತು. ಕೈ ಇಳಿಯಿತು. ನೆಲದ ಮೇಲೆ ಬರೆಯುತ್ತಿದ್ದ ಹುಡುಗಿಯನ್ನೇ ಟೀಚರು ಎಬ್ಬಿಸಿದರು. ಹೆಸರು ಹುಲಿಗೆಮ್ಮ, ಕೊನೆಯ ಸಾಲು. ನಮ್ಮ ಇಲಾಖೆಯ ಭಾಷೆಯಲ್ಲಿ 'ನಿಧಾನ ಕಲಿಕೆಯ ಮಗು'.

"ಮೂರು ಮಂದಿದು ದೊಡ್ಡದ್ರಿ ಟೀಚರ್. ಮಂದಿ ಹೆಚ್ಚಾದಂಗ ಚೂರು ಸಣ್ಣದಾಗತೈತಿ. ನಮ್ಮನ್ಯಾಗ ದಿನಾ ನೋಡ್ತೀನಲ್ರಿ."

"ನಾನೂ ಈಗ ಹಂಗ ಅನ್ನಾವ ಇದ್ದೆ" ಎಂದ ಬಸವರಾಜ. ಅವನ ತುಟಿ ನೋಡಿದ್ದ ನನಗೆ ನಗು ಬಂತು. ಆದರೆ ಅವನು ಸುಳ್ಳು ಹೇಳಿರಲಿಲ್ಲ. ಆ ಎರಡು ಲಾರಿಗಳ ಹೊತ್ತಿನಲ್ಲಿ ಅವನಿಗೂ ತಪ್ಪು ತಿಳಿದಿತ್ತು.

ನಾವು ಮೇಷ್ಟರ ಜಾತಿಗೆ ಒಂದು ರೋಗವಿದೆ. ಪ್ರಶ್ನೆ ಕೇಳಿದ ಮೇಲೆ ಕಾಯುವುದಕ್ಕೆ ಬರುವುದಿಲ್ಲ. ಕ್ಲಾಸಿನಲ್ಲಿ ಮೌನ ಬಂದರೆ ಹೆದರಿಕೆಯಾಗುತ್ತದೆ. ಮೊದಲು ಎದ್ದ ಕೈಯಿಂದ ಉತ್ತರ ತೆಗೆದುಕೊಳ್ಳುತ್ತೇವೆ, ಅದೂ ಬರದಿದ್ದರೆ ನಾವೇ ಹೇಳಿ ಮುಗಿಸುತ್ತೇವೆ. ಉಳಿದ ಮಕ್ಕಳು ಅಂದುಕೊಳ್ಳುವುದಿಷ್ಟೇ: ಯೋಚನೆ ಮಾಡುವ ಕೆಲಸ ಬಸವರಾಜನದು, ನಮ್ಮದಲ್ಲ. ಪ್ರಶ್ನೆಗೂ ಉತ್ತರಕ್ಕೂ ನಡುವೆ ಸ್ವಲ್ಪ ಜಾಗ ಬಿಡಿ ಎಂದು ನಾನು ಕಾಲೇಜಿನಲ್ಲಿ ಬೋರ್ಡಿನ ತುಂಬ ಬರೆದು ಹೇಳುತ್ತೇನೆ. (ಹೇಳಿ, ಪ್ರಶ್ನೆ ಕೇಳಿ, ನಾನೇ ಉತ್ತರ ಕೊಟ್ಟು ಮುಗಿಸುತ್ತೇನೆ.)

ಇದನ್ನು ಶರಣಮ್ಮನವರಿಗೆ ಹೇಳಿದೆ. ಅವರು ನಕ್ಕರು.

"ಅಂಥಾದ್ದೇನಿಲ್ರಿ ಸರ. ಒದರಿದ್ರ ಗಂಟಲು ಹೋಗತೈತಿ, ಬಾಯಿ ತೆಗದ್ರ ಮಣ್ಣು ಹೋಗತೈತಿ. ಅದಕ್ಕ ಲಾರಿ ಬಂದಾಗ ಬಾಯಿ ಮುಚ್ಚಬೇಕಂತ ರೂಲ್ ಮಾಡೀನಿ, ಅಷ್ಟ. ಈ ಸಾಲಿ ಇಲ್ಲಿಂದ ಕಿತ್ತರ ಸಾಕಾಗೇತಿ ನನಗ."

ಶಾಲೆಯನ್ನು ಅಲ್ಲಿಂದ ಎತ್ತಿಸುವುದಕ್ಕೆ ಅವರು ಆಗಲೇ ಓಡಾಡುತ್ತಿದ್ದರು. ಊರ ಹಿಂದೆ, ಕಾಲುವೆಯ ಪಕ್ಕ, ಬಾಳೆತೋಟದ ರೈತರೊಬ್ಬರು ಶಾಲೆಗೆಂದು ಜಾಗ ಬಿಟ್ಟುಕೊಡಲು ಒಪ್ಪಿದ್ದರು. ಅಲ್ಲಿ ಲಾರಿಯಿಲ್ಲ, ಧೂಳಿಲ್ಲ, ನೆರಳಿದೆ. ಇಲಾಖೆ ಹೂಂ ಅಂದರೆ ಕೊಠಡಿಗಳು ಏಳುತ್ತಿದ್ದವು. ಆದರೆ ದೇವರು ವರ ಕೊಟ್ಟರೂ ಪೂಜಾರಿ ಕೊಡಬೇಕಲ್ಲ. ಅರ್ಜಿ ಮೇಜಿನಿಂದ ಮೇಜಿಗೆ ತಿರುಗುತ್ತಿತ್ತು.

ಇಲ್ಲಿಯವರೆಗೆ ಎಲ್ಲವೂ ನಮ್ಮ ನಿಮ್ಮೂರಿನ ಕತೆಯೇ. ಕೆಟ್ಟದ್ದು ಇದಾದ ಮೇಲೆ.

ತಿಂಗಳಿಗೊಮ್ಮೆ ಸುತ್ತಲಿನ ಶಾಲೆಗಳ ಟೀಚರುಗಳೆಲ್ಲ ಸೇರುವ ಸಭೆಯೊಂದಿದೆ. ಅಲ್ಲಿ ಸರದಿಯ ಪ್ರಕಾರ ಒಬ್ಬರು ತಾವು ಮಾಡಿದ ಹೊಸತೇನನ್ನಾದರೂ ಹೇಳಲೇಬೇಕು. (ಹೊಸತೇನೂ ಮಾಡಿಲ್ಲ ಎಂದು ಹೇಳುವ ಹಾಗಿಲ್ಲ. ಹಾಗಾಗಿ ಬೆಂಕಿಕಡ್ಡಿಯಲ್ಲಿ ಎಣಿಸುವುದು ಪ್ರತಿ ವರ್ಷವೂ ಹೊಸತೇ.) ಶರಣಮ್ಮನವರ ಸರದಿ ಬಂತು. ತಯಾರಿ ಇರಲಿಲ್ಲ. ಬೇರೇನೂ ತೋಚದೆ ಲಾರಿಯ ರೂಲು ಹೇಳಿ ಕೂತುಬಿಟ್ಟರು.

ಆ ಸಭೆಗೆ ಬೆಂಗಳೂರಿನ ಕಡೆಯಿಂದ ಹೊಸದಾಗಿ ಬಂದ ಸಾಹೇಬರೊಬ್ಬರು ಬಂದಿದ್ದರು. ಕೆಟ್ಟವರಲ್ಲ. ಕೆಲಸದಲ್ಲಿ ಉತ್ಸಾಹ, ಮಾತಿನಲ್ಲಿ ವಿನಯ. ಒಂದೇ ತೊಂದರೆ, ಹೊಸ ಪದ ಸಿಕ್ಕರೆ ಬಿಡುವುದಿಲ್ಲ. ಅವರು ಎದ್ದು ನಿಂತು ಚಪ್ಪಾಳೆ ತಟ್ಟಿದರು. ಬಾಯಿ ಮುಚ್ಚುವ ರೂಲಿಗೆ 'ಮೌನಾವಕಾಶ' ಎಂದು ಹೆಸರಿಟ್ಟರು. ಪರಿಸರವನ್ನೇ ಪಾಠವಾಗಿಸಿದ ನವೀನ ಕಲಿಕಾ ವಿನ್ಯಾಸ ಇದು ಎಂದರು. ಟೀಚರಿಗೆ ಶಾಲು ಹೊದಿಸಿದರು.

ಶಾಲು ಹೊದ್ದ ಧೈರ್ಯದಲ್ಲಿ ಶರಣಮ್ಮ ಮರುವಾರ ಸಾಹೇಬರ ಆಫೀಸಿಗೆ ಹೋಗಿ ಕಾಲುವೆ ಜಾಗದ ಮಾತೆತ್ತಿದರು. ಸಾಹೇಬರಿಗೆ ನಿಜಕ್ಕೂ ಆಶ್ಚರ್ಯವಾಯಿತಂತೆ.

"ಏನ್ ಟೀಚರ್, ನಿಮ್ಮ ಪದ್ಧತಿಗೆ ಆ ರಸ್ತೆಯೇ ಜೀವಾಳ. ಕಾಲುವೆ ಪಕ್ಕಕ್ಕೆ ಹೋದ್ರೆ ಲಾರಿ ಎಲ್ಲಿಂದ ತರ್ತೀರಿ?"

ಗುರುವಾರ ಮೇಲಿನಿಂದ ಟೀಮ್ ಬಂದು ಪಾಠ ನೋಡುತ್ತದೆ. ಪಾಠ ಚೆನ್ನಾಗಿ ನಡೆದರೆ ಶಾಲೆ ಇದ್ದ ಜಾಗದಲ್ಲೇ 'ಮಾದರಿ ಶಾಲೆ'. ನಡೆಯದಿದ್ದರೆ ಜಾಗ ಬದಲಿಸುವ ಯೋಚನೆ ಮಾಡೋಣ. ಸಾಹೇಬರು ಹೇಳಿದ್ದು ಇಷ್ಟು.

ಈಗ ನಮ್ಮ ಮನೆ ಕಟ್ಟೆಗೆ ವಾಪಸ್ ಬರೋಣ. ಟೀಚರ ಕಷ್ಟ ಅರ್ಥವಾಯಿತಲ್ಲ? ಪಾಸಾದರೆ ಮಕ್ಕಳು ಧೂಳಿನಲ್ಲಿ, ಫೇಲಾದರೆ ಮಕ್ಕಳು ನೆರಳಿನಲ್ಲಿ.

"ಫೇಲ್ ಆಗೋದು ಹೆಂಗ, ಹೇಳ್ರಿ" ಎಂದರು.

ಒಳಗಿನಿಂದ ಚಹ ತಂದ ನನ್ನ ಹೆಂಡತಿ ಕಪ್ಪು ಕೊಡುತ್ತ, "ಕೇಳೋದ್ಯಾಕ್ರಿ ಟೀಚರ್, ಒಂದಿನ ಇವರ ಕ್ಲಾಸಿಗೇ ಹೋಗಿ ಕುಂದ್ರಿ, ಬರತೈತಿ" ಎಂದಳು.

ನಾನು ಗಂಭೀರವಾಗಿ ಉಪದೇಶ ಶುರು ಮಾಡಿದೆ. ಮಕ್ಕಳಿಗೆ ಬೆನ್ನು ಹಾಕಿ ಬೋರ್ಡಿನ ಜೊತೆ ಮಾತಾಡಿ. ಪುಸ್ತಕ ಹಿಡಿದು ಓದುತ್ತಾ ಹೋಗಿ. ಪ್ರಶ್ನೆ ಕೇಳಿದ ತಕ್ಷಣ ಉತ್ತರವನ್ನೂ ಹೇಳಿಬಿಡಿ. ನಡುನಡುವೆ 'ಅರ್ಥ ಆತಾ?' ಅನ್ನಿ, ಮಕ್ಕಳು 'ಆತ್ರಿ' ಅನ್ನುತ್ತಾರೆ, ಮುಂದೆ ಹೋಗಿ.

ಶರಣಮ್ಮ ಕೇಳುತ್ತ ಕೇಳುತ್ತ ಹುಬ್ಬು ಗಂಟಿಕ್ಕಿದರು. "ಸರ, ಇದು ಎಲ್ಲಾರೂ ದಿನಾ ಮಾಡೋದ ಐತಲ್ರಿ. ಇದಕ್ಕ ಫೇಲ್ ಮಾಡ್ತಾರೇನು?"

ಅದೂ ನಿಜವೇ. ಹಾಗಾದರೆ ಇನ್ನೊಂದು ಹೆಜ್ಜೆ ಮುಂದೆ ಹೋಗಿ, ಲಾರಿಯ ಮೇಲೆ ಕೂಗಾಡಿ, ಲೆಕ್ಕವನ್ನು ತಪ್ಪಾಗಿಯೇ ಮಾಡಿ ಎಂದೆ. ತಪ್ಪು ಎಂಬ ಮಾತು ಕೇಳಿ ಅವರ ಮುಖ ಬಾಡಿತು. ಬೋರ್ಡಿನ ಮೇಲೆ ಬೇಕೆಂದೇ ತಪ್ಪು ಬರೆಯುವುದು ಒಳ್ಳೆಯ ಟೀಚರಿಗೆ ಎಷ್ಟು ಕಷ್ಟ ಎನ್ನುವುದು ನನಗೂ ಆಗಲೇ ತಿಳಿದದ್ದು. ಆದರೂ ತಲೆಯಾಡಿಸಿ ಬಸ್ಸಿಗೆ ಹೋದರು.

ಗುರುವಾರ ನನ್ನನ್ನೂ ಕರೆದಿದ್ದರು. ಟೀಮಿನವರು ಗಾಜು ಏರಿಸಿದ ಕಾರಿನಿಂದ ಇಳಿದು, ನೇರವಾಗಿ ಕ್ಲಾಸಿನೊಳಗೆ ಬಂದು, ಕರ್ಚೀಫು ಮೂಗಿಗೆ ಹಿಡಿದು ಹಿಂದಿನ ಬೆಂಚಿನಲ್ಲಿ ಕೂತರು. ಸಾಹೇಬರು ಅವರ ಪಕ್ಕ, ನಾನು ಬಾಗಿಲ ಬಳಿ.

ಶರಣಮ್ಮ ಶುರು ಮಾಡಿದರು. ನೋಡುವುದಕ್ಕೆ ಸಂಕಟವಾಗುತ್ತಿತ್ತು. ಬೆನ್ನು ಹಾಕಿದರು, ಓದಿದರು, ಅರ್ಥ ಆತಾ ಅಂದರು. ಮಕ್ಕಳು ಆತ್ರಿ ಅನ್ನಲಿಲ್ಲ. ಒಬ್ಬರ ಮುಖ ಒಬ್ಬರು ನೋಡಿಕೊಂಡರು. ತಮ್ಮ ಟೀಚರಿಗೆ ಇವತ್ತು ಜ್ವರ ಬಂದಿದೆ ಎಂದೇ ಅವು ತಿಳಿದಿರಬೇಕು.

ಕೊನೆಗೆ ಟೀಚರು ಬೋರ್ಡಿನ ಮೇಲೆ ಬರೆದರು. ಅರ್ಧಕ್ಕೆ ಅರ್ಧ ಕೂಡಿಸಿ, ಮೇಲಿನ ಒಂದಕ್ಕೆ ಒಂದು, ಕೆಳಗಿನ ಎರಡಕ್ಕೆ ಎರಡು. ಉತ್ತರ, ನಾಲ್ಕನೆಯ ಎರಡು. ಬರೆದು, ಅದನ್ನು ನೋಡಲಾರದೆ ಬೋರ್ಡಿನಿಂದ ಮುಖ ತಿರುಗಿಸಿಕೊಂಡರು.

ಲಾರಿ ಬಂತು. ಟೀಚರು ಕೈ ಎತ್ತಲಿಲ್ಲ. ಲಾರಿಯ ಸದ್ದಿಗಿಂತ ಮೇಲೆ ಹೋಗುವ ಹಾಗೆ "ಅರ್ಧ ಕೂಡಿಸು ಅರ್ಧ, ನಾಲ್ಕನೆಯ ಎರಡು" ಎಂದು ಕೂಗಿದರು. ಕೂಗಿ ಕೆಮ್ಮಿದರು. ಮತ್ತೆ ಕೂಗಿದರು.

ಆಗ ಮಕ್ಕಳೇ ಕೈ ಎತ್ತಿದರು. ಮೊದಲು ಬಸವರಾಜ, ಆಮೇಲೆ ಒಂದೊಂದಾಗಿ ಇಡೀ ಕ್ಲಾಸು, ಟೀಚರ ಕಡೆಗೆ ಅಂಗೈ ತೋರಿಸಿ, ಬಾಯಿ ಮುಚ್ಚಿಕೊಂಡು ಕೂತಿತು. ಟೀಚರ ಬಾಯಿಗೆ ಮಣ್ಣು ಹೋಗುತ್ತದೆಂಬ ಚಿಂತೆ ಅವಕ್ಕೆ. ಶರಣಮ್ಮ ಅರ್ಧಕ್ಕೇ ನಿಲ್ಲಿಸಿದರು. ಬೇರೆ ಏನು ಮಾಡಲು ಬರುತ್ತಿತ್ತು?

ಲಾರಿ ದಾಟಿತು. ಕೊನೆಯ ಸಾಲಿನಲ್ಲಿ ಹುಲಿಗೆಮ್ಮ ತಾನಾಗಿಯೇ ಎದ್ದು ನಿಂತಳು.

"ಟೀಚರ್, ಅದು ತಪ್ಪೈತ್ರಿ. ಅರ್ಧ ರೊಟ್ಟಿಗೆ ಅರ್ಧ ರೊಟ್ಟಿ ಕೂಡಿದ್ರ ಪೂರಾ ರೊಟ್ಟಿ. ನೀವು ಬರದಿದ್ದು ನಾಕರಾಗ ಎರಡು, ಅಂದ್ರ ಮತ್ತ ಅರ್ಧಾನ ಆತು. ಉಳಿದಿದ್ದು ಯಾರು ತಿಂದ್ರು?"

ಟೀಮಿನವರು ಕರ್ಚೀಫು ತೆಗೆದು ಚಪ್ಪಾಳೆ ತಟ್ಟಿದರು. ಸಾಹೇಬರ ಮುಖ ಅರಳಿತ್ತು. "ನೋಡಿದ್ರಾ ಸರ್? ಬೇಕು ಅಂತಲೇ ತಪ್ಪು ಬರೆದು ಮಕ್ಕಳಿಂದಲೇ ತಿದ್ದಿಸೋದು. ಇದು ಇನ್ನೊಂದು ಹೊಸ ವಿಧಾನ. ಇದನ್ನು ನಮಗೆ ಹೇಳೇ ಇರಲಿಲ್ಲ ಟೀಚರ್ ನೀವು."

ಬೆಕ್ಕಿಗೆ ಚೆಲ್ಲಾಟ, ಇಲಿಗೆ ಪ್ರಾಣಸಂಕಟ. ಶರಣಮ್ಮ ಚಾಕ್‌ಪೀಸು ಕೆಳಗಿಟ್ಟು, ಹುಲಿಗೆಮ್ಮನ ತಲೆಯ ಮೇಲೆ ಕೈಯಿಟ್ಟು, ನೇರವಾಗಿಯೇ ಹೇಳಿದರು.

"ಸರ, ವಿಧಾನ ಅಲ್ರಿ ಅದು. ಈ ಮಕ್ಕಳು ದಿನಾ ಕೆಮ್ಮತಾವ್ರಿ. ರಾತ್ರಿ ಮಲಗಂಗಿಲ್ಲ ಅಂತ ಅವರವ್ವಗಳು ಬಂದು ಹೇಳ್ತಾರ. ಕಾಲುವೆ ಜಾಗ ಕೊಡಸ್ರಿ. ಅಲ್ಲೂ ಹಿಂಗ ಪಾಠ ಮಾಡ್ತೀನಿ. ಲಾರಿ ಬ್ಯಾಡ, ನನಗ ಕೈ ಎತ್ತಾಕ ಬರತೈತಿ."

ಇದಕ್ಕಿಂತ ಸರಳವಾಗಿ ಹೇಳಲು ಯಾರಿಗೆ ಬರುತ್ತದೆ? ಮೌನಕ್ಕೆ ಲಾರಿ ಬೇಡ, ಕಾಯುವ ಮನಸ್ಸಿದ್ದರೆ ಸಾಕು. ನಾನೂ ಎದ್ದು ಅದನ್ನೇ ಹೇಳಿದೆ. ನನ್ನದು ಉದ್ದವಾಯಿತು, ಎಂದಿನಂತೆ.

ಸಾಹೇಬರು ಎರಡೂ ಮಾತನ್ನು ವಿನಯದಿಂದ ಕೇಳಿದರು. "ಕೆಮ್ಮು ಸೀಸನ್‌ದು ಟೀಚರ್, ಹೆಲ್ತ್ ಕ್ಯಾಂಪ್ ಮಾಡಿಸೋಣ" ಎಂದರು. ಟೀಮಿಗೆ ಬೇರೆ ಶಾಲೆಗೆ ಹೊತ್ತಾಗಿತ್ತು. ಕಾರಿನ ಗಾಜು ಏರಿತು. ನನಗೆ ಸಿಟ್ಟು ಬಂತು. ಯಾರ ಮೇಲೆ ಮಾಡಿಕೊಳ್ಳಬೇಕೋ ತಿಳಿಯದೆ ಬಸ್ಸಿನ ಕಂಡಕ್ಟರನ ಜೊತೆ ಚಿಲ್ಲರೆಗಾಗಿ ಜಗಳವಾಡಿ ಊರಿಗೆ ಬಂದೆ.

ಹತ್ತು ಹದಿನೈದು ದಿನಕ್ಕೆ ಆದೇಶ ಬಂತು. ಶಾಲೆ ಮಾದರಿ ಶಾಲೆಯಾಗಿ ಅಲ್ಲೇ ಮುಂದುವರಿಯುತ್ತದೆ. ಶರಣಮ್ಮ ಟೀಚರನ್ನು ಹೊಸಪೇಟೆಯ ತರಬೇತಿ ಕೇಂದ್ರಕ್ಕೆ ಸಂಪನ್ಮೂಲ ವ್ಯಕ್ತಿಯಾಗಿ ನೇಮಿಸಲಾಗಿದೆ. ಇನ್ನು ಮೇಲೆ ಅವರು ಬೇರೆ ಟೀಚರುಗಳಿಗೆ ಮೌನಾವಕಾಶ ಹೇಳಿಕೊಡಬೇಕು.

ನಮ್ಮ ಇಲಾಖೆಯಲ್ಲಿ ಶಿಕ್ಷಕರ ವೃತ್ತಿಪರ ಬೆಳವಣಿಗೆ ಅಂದರೆ ಇದೇ. ಯಾರು ಚೆನ್ನಾಗಿ ಪಾಠ ಮಾಡುತ್ತಾರೋ ಅವರನ್ನು ಮೊದಲು ಕ್ಲಾಸಿನಿಂದ ಹೊರಗೆ ತರುತ್ತೇವೆ. ಒಳ್ಳೆಯ ಅಡುಗೆಯವರನ್ನು ಒಲೆಯಿಂದ ಎಬ್ಬಿಸಿ, ಅಡುಗೆಯ ಮೇಲೆ ಭಾಷಣ ಮಾಡಲು ಕೂರಿಸಿದ ಹಾಗೆ. ಊಟಕ್ಕೆ ಕೂತವರ ಗತಿಯೇನು ಎಂದು ಯಾರೂ ಕೇಳುವುದಿಲ್ಲ. ಕೇಳಿದರೆ ಅದಕ್ಕೂ ಒಂದು ತರಬೇತಿ ಇಡುತ್ತೇವೆ.

ಸಹೋದ್ಯೋಗಿಗಳು ಸ್ವೀಟು ಕೇಳಿದರಂತೆ. ಟೀಚರು ಪೇಡೆ ಹಿಡಿದು ನಮ್ಮ ಮನೆಗೂ ಬಂದರು. ನಾನು ಹೋಗಲ್ಲ ಅಂದ್ರ ಏನು ಮಾಡ್ತಾರ್ರಿ ಎಂದು ಕೇಳಿದರು. ಹೋಗದಿದ್ದರೆ ಇನ್ನೂ ದೂರ ಹಾಕುತ್ತಾರೆ ಎಂದು ನಾನು ಹೇಳಬೇಕಾಯಿತು. ಪೇಡೆ ಕಟ್ಟಿನ ದಾರ ಬಿಚ್ಚದೆಯೇ ಅವರು ಎದ್ದು ಹೋದರು.

ಮೊನ್ನೆ ತರಬೇತಿ ಕೇಂದ್ರಕ್ಕೆ ಹೋಗಿದ್ದೆ. ಕಿಟಕಿ ಮುಚ್ಚಿದ ತಣ್ಣನೆಯ ಹಾಲ್. ಚಹ, ಬಿಸ್ಕತ್ತು, ಫೈಲು. ಪದ್ಧತಿ ಸರಿಯಾಗಿ ತಿಳಿಯಲೆಂದು ಲಾರಿ ಸದ್ದಿನ ಒಂದು ಸಿ.ಡಿ. ಮಾಡಿಸಿದ್ದಾರೆ. ಸರ್ಕಾರದ ಖರ್ಚಿನಲ್ಲಿ, ಸ್ಪೀಕರು ಸಮೇತ. ಶರಣಮ್ಮ ಪ್ರಶ್ನೆ ಕೇಳುತ್ತಾರೆ, ಸಿ.ಡಿ. ಹಾಕುತ್ತಾರೆ, ಟೀಚರುಗಳೆಲ್ಲ ಬಾಯಿ ಮುಚ್ಚಿ ಕೂರುತ್ತಾರೆ. ಅವರ ಶಾಲೆಗೆ ಈಗ ಅತಿಥಿ ಶಿಕ್ಷಕನೊಬ್ಬ ಬಂದಿದ್ದಾನಂತೆ. ಒಳ್ಳೆಯ ಹುಡುಗ, ಲಾರಿಯ ಮೇಲೆ ಕೂಗಿ ಪಾಠ ಮಾಡುತ್ತಾನೆ. ಹುಲಿಗೆಮ್ಮ ಎದ್ದು ನಿಲ್ಲುವುದನ್ನು ಬಿಟ್ಟಿದ್ದಾಳೆ ಎಂದು ಅವಳ ಅವ್ವ ಸಂತೆಯಲ್ಲಿ ಟೀಚರಿಗೆ ಸಿಕ್ಕಾಗ ಹೇಳಿದಳಂತೆ.

ಚಹದ ಹೊತ್ತಿನಲ್ಲಿ ನಾನು ಹೇಗಿದ್ದೀರಿ ಎಂದೆ. ಟೀಚರು ಚಹದ ಕಪ್ಪು ಕೆಳಗಿಟ್ಟರು.

"ಇಲ್ಲಿಗೆ ಬಂದಮ್ಯಾಲ ನನ್ನ ಕೆಮ್ಮು ನಿಂತೈತ್ರಿ ಸರ" ಎಂದರು. ತಪ್ಪು ಮಾಡಿದವರ ಹಾಗೆ ಮೆಲ್ಲಗೆ ಹೇಳಿದರು.

ಅಂದರೆ ಔಷಧ ಏನೆಂದು ಇಲಾಖೆಗೆ ಗೊತ್ತಾದಂತಾಯಿತು. ಇನ್ನು ಆ ಮಕ್ಕಳಿಗೆಲ್ಲ ಪ್ರಮೋಷನ್ ಕೊಡುವುದೊಂದೇ ಬಾಕಿ.